ಕ್ಲಚ್ಚಿಗೆ ಶನಿವಾರದ ಎಣ್ಣೆ

ಮನೆಯಲ್ಲಿ ಒಬ್ಬನೇ ಉಳಿದ ಗಂಡಸು ಬಹಳ ದಿನ ಸುಮ್ಮನೆ ಕೂತಿರಲಾರ. ಏನನ್ನಾದರೂ ರಿಪೇರಿ ಮಾಡಲು ಎದ್ದೇಳುತ್ತಾನೆ. ಕೆಲವರು ಮಾಳಿಗೆ ಹತ್ತಿ ಸೋರದ ಜಾಗಕ್ಕೆ ಮಣ್ಣು ಮೆತ್ತುತ್ತಾರೆ. ಕೆಲವರು ಸರಿಯಾಗಿ ನಡೆಯುತ್ತಿರುವ ಗಡಿಯಾರವನ್ನು ಬಿಚ್ಚಿ ಹರಡಿಕೊಂಡು ಕೂಡುತ್ತಾರೆ. ಕೈಗೆ ಏನೂ ಸಿಗದವರು ನೆರೆಮನೆಯವರ ನಡತೆ ತಿದ್ದಲು ಹೊರಡುತ್ತಾರೆ. ತನ್ನನ್ನೇ ರಿಪೇರಿಗೆ ತೆಗೆದುಕೊಂಡ ಗಂಡಸನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ, ಕನ್ನಡಿಯಲ್ಲಂತೂ ಕಂಡೇ ಇಲ್ಲ. ನನ್ನ ಪಾಲಿಗೆ ಬಂದದ್ದು ಮೋಟಾರಿನ ಕ್ಲಚ್ಚು. ಅದನ್ನು ಕೆಡಿಸಿದವನೂ ನಾನೇ, ಏನು ಕೆಟ್ಟಿದೆ ಎಂದು ಊರೆಲ್ಲ ಕೇಳಿಕೊಂಡು ಬಂದವನೂ ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ಹೇಳುವುದು ಸಲೀಸು.

ಆಗ ನಾನು ಶಹಾಪುರದಲ್ಲಿ ವಕೀಲನಾಗಿದ್ದೆ. ನಿಜಾಮರ ಆಳಿಕೆಯ ಕೊನೆಯ ವರ್ಷಗಳು ಅವು ಎಂದು ಈಗ ಹೇಳುತ್ತೇವೆ; ಅವು ಕೊನೆಯವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಕಚೇರಿಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ ಮಾತಾಡಿಕೊಂಡು, ಶಹಾಪುರ ಮತ್ತು ಸುರಪುರದ ನಡುವೆ ಓಡಾಡಿಕೊಂಡು, ಮಕ್ಕಳಿಲ್ಲದ ಮನೆಯಲ್ಲಿ ಹೆಂಡತಿ ನೀಲಮ್ಮನ ಕೈಯ ಊಟ ಮಾಡಿಕೊಂಡು ಸುಖವಾಗಿದ್ದೆ. ಅಷ್ಟರಲ್ಲಿ ದೊಡ್ಡ ಅಧಿಕಾರಿಯೊಬ್ಬರು ವರ್ಗವಾಗಿ ಹೈದರಾಬಾದಿಗೆ ಹೊರಟರು. ಅವರ ಹಳೆಯ ವಿಲಾಯತಿ ಮೋಟಾರು ಅಷ್ಟು ದೂರ ಬರಲೊಲ್ಲೆ ಎಂದಿತು. ಅದು ನನಗೆ ದಕ್ಕಿತು. ಕ್ಯಾನ್ವಾಸಿನ ಮಾಡು, ರಬ್ಬರಿನ ಬುಗ್ಗೆ ಹಿಚುಕಿದರೆ ಒದರುವ ಭೋಂಗಾ, ಮುಂದೆ ತಟ್ಟೆಯಷ್ಟು ದೊಡ್ಡ ಎರಡು ದೀಪ. ಅಧಿಕಾರಿಯ ಡ್ರೈವರು ಚಾವಿ ಕೊಡುವಾಗ ಕಾಲ ಕೆಳಗಿನ ಹಲಗೆ ಎತ್ತಿ ತೋರಿಸಿ, “ಇಲ್ಲಿ ಒಳಗ ತೊಗಲ ಅದ ಸಾಬ್, ಅದರ ಮ್ಯಾಲ ಖಯಾಲ್ ಇರಲಿ” ಎಂದಷ್ಟೇ ಹೇಳಿ ಹೋದ. ಖಯಾಲ್, ಅಂದರೆ ನಿಗಾ, ಇಡುವುದು ಹೇಗೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ವಕೀಲನಾದವನು ಗೊತ್ತಿಲ್ಲ ಎನ್ನುವ ಅಭ್ಯಾಸ ಇಟ್ಟುಕೊಳ್ಳಬಾರದು.

ಆ ತೊಗಲಿದ್ದದ್ದು ಕ್ಲಚ್ಚಿನಲ್ಲಿ. ಒಂದು ಬಟ್ಟಲೊಳಗೆ ಇನ್ನೊಂದು ಬಟ್ಟಲು ಕೂತಂತೆ ಇರುವ ಸಾಧನ ಅದು. ಹೊರಗಿನದನ್ನು ಇಂಜಿನ್ನು ತಿರುಗಿಸುತ್ತದೆ. ಒಳಗಿನದು ಗಾಲಿಗೆ ಸೇರಿದ್ದು, ಅದರ ಮೈಗೆ ತೊಗಲಿನ ಪಟ್ಟಿ ಬಡಿದಿರುತ್ತಾರೆ. ಪೆಡಲು ಒತ್ತಿದರೆ ಎರಡೂ ಬೇರೆಯಾಗುತ್ತವೆ, ಬಿಟ್ಟರೆ ಸ್ಪ್ರಿಂಗು ನೂಕಿ ತೊಗಲು ಗಪ್ಪನೆ ಹಿಡಿಯುತ್ತದೆ, ಗಾಡಿ ಹೊರಡುತ್ತದೆ. ನಮ್ಮ ಮೋಟಾರಿನ ತೊಗಲು ವರ್ಷಗಟ್ಟಲೆ ಬಿಸಿಲಿಗೆ ಒಣಗಿ ಸೆಟೆದುಹೋಗಿತ್ತು. ಆದ್ದರಿಂದ ಅದು ಹಿಡಿಯುತ್ತಿರಲಿಲ್ಲ, ಕಚ್ಚುತ್ತಿತ್ತು; ಗಾಡಿ ಹೊರಡುತ್ತಿರಲಿಲ್ಲ, ಜಿಗಿಯುತ್ತಿತ್ತು. ಇದು ಮೋಟಾರಿನ ಗತ್ತು ಎಂದು ನಾನು ತಿಳಿದಿದ್ದೆ.

ದೀಪಾವಳಿಗೆ ಮೊದಲು ಒಂದು ದಿನ ನೀಲಮ್ಮನನ್ನು ಸುರಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಅವಳ ಚಿಕ್ಕಮ್ಮನ ಮನೆ ಇತ್ತು. ತೊಡೆಯ ಮೇಲೆ ಮೊಸರಿನ ಗಡಿಗೆ ಇಟ್ಟುಕೊಂಡು, ಸೆರಗು ತಲೆ ತುಂಬ ಹೊದ್ದು, ಮೋಟಾರಿನಲ್ಲಿ ಕೂತ ಹೆಮ್ಮೆಯನ್ನು ತುಟಿಯಲ್ಲಿ ಅದುಮಿಟ್ಟುಕೊಂಡು ಕೂತಿದ್ದಳು. ಪೇಟೆಯ ನಡುವೆ ಒಂದು ಎತ್ತಿನ ಬಂಡಿ ಅಡ್ಡ ಬಂತು, ನಿಲ್ಲಿಸಿದೆ. ಬಂಡಿ ಸರಿಯಿತು, ಕ್ಲಚ್ಚು ಬಿಟ್ಟೆ. ಮೋಟಾರು ಜಿಗಿಯಿತು, ಬಾಗಿಲು ಕಳಚಿಕೊಂಡಿತು, ನೀಲಮ್ಮ ಗಡಿಗೆಯ ಸಮೇತ ಬೀದಿಯಲ್ಲಿದ್ದಳು. ಮುಖದ ತುಂಬ ಮೊಸರು. ಪೇಟೆ ನಕ್ಕಿತು. ಪೇಟೆಯ ಜತೆ ನಾನೂ ನಕ್ಕೆ. ಅವಳು ಎದ್ದಳು, ಸೀರೆ ಕೊಡವಿದಳು, ಚಿಕ್ಕಮ್ಮನ ಮನೆಗೆ ನಡೆದೇ ಹೋದಳು. ಮಾರನೆಯ ದಿನ ಶಹಾಪುರಕ್ಕೆ ಬಂದು, ಟ್ರಂಕಿಗೆ ಬಟ್ಟೆ ತುಂಬಿ, ಟಾಂಗಾ ಮಾಡಿಕೊಂಡು ಯಾದಗಿರಿ ಸ್ಟೇಶನ್ನಿಗೆ ಹೋಗಿ ರಾಯಚೂರಿನ ತವರಿಗೆ ರೈಲು ಹತ್ತಿದಳು. “ಯಾವಾಗ ಬರ್ತೀ?” ಎಂದು ಕೇಳಿದೆ. “ನೋಡೋಣ್ರಿ” ಎಂದಳು. ಮುನ್ಸಿಫರು ಹಾಗೆಂದಾಗಲೆಲ್ಲ ಕೇಸು ಆರು ತಿಂಗಳು ಮುಂದೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ನಾನು ನಕ್ಕದ್ದಕ್ಕೇ ಹೋದಳು ಎಂದು ಅಂದೇ ತೀರ್ಮಾನ ಮಾಡಿಕೊಂಡೆ. ಊರವರಿಗೆ ಮಾತ್ರ ಬೇರೆ ಬೇರೆ ಕಾರಣ ಹೇಳಬೇಕಾಯಿತು. ಮೊದಲು ಅತ್ತೆಗೆ ಜ್ವರ ಎಂದೆ. ಎರಡು ವಾರಕ್ಕೆ ಜ್ವರ ಸಾಲದಾಯಿತು, ಕೀಲುನೋವು ಸೇರಿಸಿದೆ. ಸಂಕ್ರಾಂತಿ ಹೊತ್ತಿಗೆ ಆ ಗಟ್ಟಿಮುಟ್ಟಾದ ಹೆಂಗಸಿಗೆ ಉಬ್ಬಸ, ಹೊಟ್ಟೆಶೂಲೆ, ಕಣ್ಣಿನ ಪೊರೆ ಎಲ್ಲ ಬಂದಿದ್ದವು. ಕೊನೆಗೆ ಕಚೇರಿಯ ಪೇಶ್ಕಾರರು ನನ್ನ ಹೆಗಲ ಮೇಲೆ ಕೈಯಿಟ್ಟು, “ಧೈರ್ಯ ತಗೋರಿ ವಕೀಲ್ರ, ಎಲ್ಲಾರೂ ಒಂದಿನ ಹೋಗೂದ ಅದ” ಎಂದಾಗ ಇನ್ನು ಅವರನ್ನು ಗುಣಮಾಡದೆ ವಿಧಿಯಿಲ್ಲ ಎನಿಸಿತು.

ಮನೆಯಲ್ಲಿ ಮಾತ್ರ ಸುಳ್ಳು ಹೇಳಲು ಯಾರೂ ಇರಲಿಲ್ಲ. ಬೆಳಿಗ್ಗೆ ಹೊರಡುವಾಗ ಅಭ್ಯಾಸಬಲದಿಂದ, “ಬಾಗಿಲಾ ಹಾಕ್ಕೋ” ಎಂದು ಕೂಗಿ ಬೀದಿಗೆ ಇಳಿದುಬಿಡುತ್ತಿದ್ದೆ. ನಾಲ್ಕು ಹೆಜ್ಜೆ ಹೋದ ಮೇಲೆ ನೆನಪಾಗಿ ವಾಪಸು ಬಂದು ನಾನೇ ಬೀಗ ಹಾಕುತ್ತಿದ್ದೆ. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಾನು ಬಡಿದದ್ದು ನಿಜಾಮರ ರಾಜ್ಯದ ನಕ್ಷೆಯ ಹಾಗೆ ಯಾವ ಕಡೆಗೋ ಚಾಚಿಕೊಂಡಿರುತ್ತಿತ್ತು. ಸಂಜೆ ಉರ್ದು ತೀರ್ಪುಗಳನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದೆ. ಓದಿ ತಿಳಿದುಕೊಳ್ಳಬೇಕೆಂದಲ್ಲ, ಮನೆಯಲ್ಲಿ ಯಾರದಾದರೂ ದನಿ ಇರಲಿ ಎಂದು. ಗೋಡೆಗಳು ಒಂದು ದಿನವೂ ಆಕ್ಷೇಪ ಎತ್ತಲಿಲ್ಲ, ಅದೇ ದುಃಖ. ಹೀಗೆ ಒಬ್ಬಂಟಿಯಾಗಿರುವುದು ನನಗೆ ಬಹಳ ಕಷ್ಟವಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಈ ವಯಸ್ಸಿನಲ್ಲಿ ಮುಚ್ಚಿಡುವುದೇನು.

ಎಲ್ಲಕ್ಕಿಂತ ಕಷ್ಟವಾದದ್ದು ಶನಿವಾರ. ನಮ್ಮಲ್ಲಿ ಗಂಡಸರ ಎಣ್ಣೆ ಸ್ನಾನ ಶನಿವಾರ. ಆಗ ಶುಕ್ರವಾರ ಕಚೇರಿಗೆ ರಜೆ, ಶನಿವಾರ ಕೆಲಸ; ಆದರೂ ನೀಲಮ್ಮ ಬೆಳಿಗ್ಗೆ ಬೇಗ ಎಬ್ಬಿಸಿ, ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಬೆಚ್ಚಗೆ ಮಾಡಿ, ನೆತ್ತಿಗೆ ಬಡಿದು ಬಡಿದು ಹಚ್ಚಿ, ವಾರವಿಡೀ ನಾನು ಮಾಡಿದ ತಪ್ಪುಗಳನ್ನು ಆ ಬಡಿತದ ಲಯದಲ್ಲೇ ಒಂದೊಂದಾಗಿ ಹೇಳುತ್ತಿದ್ದಳು. ಅವಳು ಹೋದ ಮೇಲೆ ಮೊದಲ ಶನಿವಾರ ನಾನೇ ಎಣ್ಣೆ ಕಾಯಿಸಿದೆ. ಎರಡು ಜನಕ್ಕಾಗುವಷ್ಟು ಕಾಯಿಸಿದ್ದೆ. ನನ್ನ ತಲೆಗೆ ನಾನೇ ಹಚ್ಚಿಕೊಂಡೆ, ಬಡಿದುಕೊಳ್ಳಲು ಮನಸ್ಸು ಬರಲಿಲ್ಲ. ಉಳಿದ ಎಣ್ಣೆಯ ಬಟ್ಟಲು ಹಿಡಿದು ಅಂಗಳಕ್ಕೆ ಬಂದಾಗ ಮೋಟಾರು ಕಂಡಿತು. ಒಳಗೆ ತೊಗಲಿದೆ, ಖಯಾಲ್ ಇರಲಿ ಎಂದ ಮಾತು ಹೊಳೆಯಿತು. ನಮ್ಮ ಕಡೆ ತೊಗಲಿಗೆ ಖಯಾಲ್ ಎಂದರೆ ಎಣ್ಣೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಹೊಲದವರು ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿಗೆ ಔಡಲ ಎಣ್ಣೆ ಉಣಿಸುತ್ತಾರೆ, ಹೊಸ ಜೋಡು ಕಚ್ಚಿದರೆ ಔಡಲ ಎಣ್ಣೆ, ಎತ್ತಿನ ಕೊರಳ ಪಟ್ಟಿ ಬಿರಿದರೆ ಔಡಲ ಎಣ್ಣೆ. ಹಲಗೆ ಎತ್ತಿದೆ, ಅಡಿಗೆಮನೆಯಿಂದ ರುಬ್ಬುಗುಂಡು ತಂದು ಪೆಡಲಿನ ಮೇಲೆ ಹೇರಿ ಬಟ್ಟಲುಗಳನ್ನು ಬೇರೆ ಮಾಡಿದೆ, ಸಂದಿಯಲ್ಲಿ ಕಂಡ ತೊಗಲಿಗೆ ಒಂದು ಚಮಚ ಬಿಟ್ಟೆ.

ಪವಾಡವಾಯಿತು. ಮಾರನೆಯ ದಿನ ಮೋಟಾರು ಜಿಗಿಯಲೇ ಇಲ್ಲ. ಬೆಣ್ಣೆಯ ಮೇಲೆ ಜಾರಿದಂತೆ ಮೆತ್ತಗೆ ಹೊರಟಿತು. ಇಷ್ಟೇ ತಾನೆ, ಈ ಒಂದು ಚಮಚ ಎಣ್ಣೆಯನ್ನು ಸುರಪುರಕ್ಕೆ ಹೋಗುವ ಮೊದಲೇ ಹಾಕಿದ್ದರೆ ನೀಲಮ್ಮ ಮನೆಯಲ್ಲಿರುತ್ತಿದ್ದಳು ಎನಿಸಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ಪಶ್ಚಾತ್ತಾಪಕ್ಕೆ ಒಂದು ಚಮಚ ಎಲ್ಲಿ ಸಾಕಾಗುತ್ತದೆ? ಮುಂದಿನ ಶನಿವಾರ ಎರಡು ಚಮಚ. ಅದರ ಮುಂದಿನ ಶನಿವಾರ ನಾಲ್ಕು. ಪುಷ್ಯಮಾಸ ಕಳೆಯುವ ಹೊತ್ತಿಗೆ ನನ್ನ ತಲೆಗೆ ಹನಿ, ಕ್ಲಚ್ಚಿಗೆ ಬಟ್ಟಲು ಎಂಬ ಪ್ರಮಾಣಕ್ಕೆ ಬಂದಿತ್ತು. ವಾರದ ತಪ್ಪುಗಳನ್ನೂ ಅದರ ಮುಂದೆಯೇ ಹೇಳಿಕೊಳ್ಳುತ್ತಿದ್ದೆ.

ಹೋಳಿ ಹುಣ್ಣಿಮೆಗೆ ಇನ್ನೂ ಹದಿನೈದು ದಿನ ಇರುವಾಗ ರಾಯಚೂರಿನಿಂದ ಕಾರ್ಡು ಬಂತು. ನೀಲಮ್ಮನ ಕೈಬರಹವೇ. “ಹುಣ್ಣಿವಿ ಆದ ನಾಕನೇ ದಿನ ಮುಂಜಾನಿ ಗಾಡಿಗೆ ಯಾದಗಿರಿಗೆ ಬರ್ತೀನಿ. ಟಾಂಗಾ ತಂದ್ರ ಛಲೋ. ಮೋಟಾರ್ ತಂದ್ರ, ಅದು ದಾರ್ಯಾಗ ನಿಂತ್ರ, ನಾ ಇಳದು ಹೊಳ್ಳಿ ಟೇಶನ್ನಿಗೆ ಹೋಗ್ತೀನಿ. ಆಮ್ಯಾಲ ಕರೀಬ್ಯಾಡ್ರಿ.” ಬುದ್ಧಿ ನೆಟ್ಟಗಿರುವ ಯಾವ ಗಂಡನಾದರೂ ಟಾಂಗಾ ಮಾಡಿಕೊಂಡು ಹೋಗುತ್ತಿದ್ದ. ನನಗೆ ಹಾಗೆ ತೋಚಲಿಲ್ಲ. ಟಾಂಗಾದಲ್ಲಿ ಹೋದರೆ ಎದುರು ಪಕ್ಷದ ವಾದ ಪೂರ್ತಿ ಒಪ್ಪಿಕೊಂಡಂತೆ. ಮೋಟಾರಿನಲ್ಲೇ ಕೂಡಿಸಿ, ಅದು ಈಗ ಜಿಗಿಯುವುದಿಲ್ಲ ನೋಡು ಎಂದು ತೋರಿಸಬೇಕು. ತೋರಿಸಿದರೆ ಅವಳು ಉಳಿಯುತ್ತಾಳೆ, ನಿಂತುಬಿಟ್ಟರೆ ಶಾಶ್ವತವಾಗಿ ಹೋಗುತ್ತಾಳೆ. ಇಷ್ಟು ದೊಡ್ಡ ಪಣವನ್ನು ಒಂದು ತೊಗಲಿನ ಪಟ್ಟಿಯ ಮೇಲೆ ಕಟ್ಟಿ, ಆ ಶನಿವಾರ ಖುಷಿಯಲ್ಲಿ ಎರಡು ಬಟ್ಟಲು ಎಣ್ಣೆ ಸುರಿದೆ.

ಎರಡನೆಯ ದಿನವೇ ಸುರಪುರದ ಏರಿನಲ್ಲಿ ಮೋಟಾರು ಕೈಕೊಟ್ಟಿತು. ಇಂಜಿನ್ನು ಗುಡ್ಡ ಅದುರುವಂತೆ ಅಬ್ಬರಿಸುತ್ತಿದೆ, ಗಾಡಿ ಇದ್ದಲ್ಲೇ ಇದೆ. ಇನ್ನಷ್ಟು ಅಬ್ಬರಿಸಿದೆ, ಗಾಡಿ ಮರ್ಯಾದೆಯಿಂದ ನಿಧಾನವಾಗಿ ಹಿಂದೆ ಹಿಂದೆ ಹೋಗತೊಡಗಿತು. ಕಚೇರಿಗೆ ಹೊರಟಿದ್ದ ನನ್ನ ಪಕ್ಷಗಾರ ಓಡಿಬಂದು ನೂಕಿದ. ಒಬ್ಬನಿಂದ ಆಗಲಿಲ್ಲ. ಹಿಂದೆಯೇ ಬರುತ್ತಿದ್ದ ಅವನ ಎದುರು ಪಕ್ಷದವನೂ ಹೆಗಲು ಕೊಟ್ಟ. ಹೊಲದ ಬದುವಿನ ಸಲುವಾಗಿ ಮೂರು ವರ್ಷದಿಂದ ಮಾತು ಬಿಟ್ಟ ಇಬ್ಬರು ನನ್ನ ಮೋಟಾರಿನ ಬೆನ್ನಿಗೆ ಕೈಯಿಟ್ಟು “ಐಸಾ, ಹೈಸಾ” ಎಂದು ಕೂಡಿ ಕೂಗಿದರು. ಏರು ಮುಗಿಯುವಷ್ಟರಲ್ಲಿ ಒಬ್ಬ ಇನ್ನೊಬ್ಬನ ಬೆವರು ಒರೆಸುತ್ತಿದ್ದ. “ಬದು ನಡುವ ಇರಲಿ ಬಿಡೋ ಮಾರಾಯ, ಈ ವಕೀಲನ ಗಾಡಿ ನೂಕೂದಕ್ಕಿಂತ ಅದ ಛಲೋ” ಎಂದು ರಾಜಿಯಾಗಿ, ಕಚೇರಿಗೂ ಬಾರದೆ ಚಹಾ ಕುಡಿಯಲು ಹೋದರು. ನನ್ನ ಕೇಸು ಅಲ್ಲಿಗೆ ಮುಗಿಯಿತು. ಅವರಿಬ್ಬರ ಬೆನ್ನು ನೋಡುತ್ತ ನಿಂತಾಗ ನನಗೆ ಕೇಸಿನ ಚಿಂತೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

ಅಲ್ಲಿಂದ ಎತ್ತು ಕಟ್ಟಿ ಮೋಟಾರನ್ನು ಶಹಾಪುರಕ್ಕೆ ಎಳೆಸಿದೆ. ಊರಿಗೆ ಊರೇ ನಾಡಿ ನೋಡಲು ಬಂತು. ಟಾಂಗಾದವನು ಬಾನೆಟ್ಟು ತಟ್ಟಿ, ಹುರುಳಿ ಕಡಿಮೆಯಾದ ಕುದುರೆಯೂ ಹೀಗೇ ಮಾಡುತ್ತದೆ, ಮೇವು ಬದಲಿಸಬೇಕು ಎಂದ. ಯೂನಾನಿ ಹಕೀಮರು ಶಬ್ದ ಕೇಳಿ, ಉಷ್ಣ ಏರಿದೆ ಎಂದರು. ಪೇಶ್ಕಾರರು ದೃಷ್ಟಿ ತಾಗಿದೆ ಎಂದು ಹೇಳಿ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ನಾನು ಯಾರಿಗೂ ಇಲ್ಲವೆನ್ನಲಿಲ್ಲ. ಯಾಕೆಂದರೆ ಐದು ತಿಂಗಳಲ್ಲಿ ನನ್ನ ಅಂಗಳಕ್ಕೆ ಅಷ್ಟು ಜನ ಬಂದದ್ದು ಅದೇ ಮೊದಲು. ಎಲ್ಲರೂ ಹೋದ ಮೇಲೆ, ಯಾವುದಕ್ಕೂ ಇರಲಿ ಎಂದು ಇನ್ನೊಂದು ಬಟ್ಟಲು ಎಣ್ಣೆ ಬಿಟ್ಟೆ.

ಕೊನೆಗೆ ಯಾದಗಿರಿಯ ಹತ್ತಿ ಗಿರಣಿಯ ಫಿಟ್ಟರ್ ಖಾಸಿಂ ಮಿಸ್ತ್ರಿಗೆ ಹೇಳಿ ಕಳಿಸಿದೆ. ಗಿರಣಿಯ ಹಂಗಾಮು ಮುಗಿದಿತ್ತು. ಶಹಾಪುರದಲ್ಲಿ ಅವನ ತಂಗಿಯ ಮನೆಯೂ ಇತ್ತು. ಶುಕ್ರವಾರ ಬೆಳಿಗ್ಗೆ ಹತ್ಯಾರಗಳ ಗಂಟು ಹೊತ್ತು ಬಂದ. ನೆಲ ನೋಡಿ ನಡೆಯುವ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ, ಐವತ್ತರ ಹತ್ತಿರದ ಮನುಷ್ಯ. ಇಂಜಿನ್ನು ಚಾಲೂ ಮಾಡಿಸಿದ, ಮೇಲಿನ ಗೇರಿಗೆ ಹಾಕಿಸಿದ. “ಬ್ರೇಕ್ ಗಟ್ಟಿ ಹಿಡೀರಿ ವಕೀಲ್ ಸಾಬ್. ಈಗ ಕಿಲಚ್ ಬಿಡ್ರಿ” ಎಂದ. ಬಿಟ್ಟೆ. ಹಿಡಿತ ಸರಿಯಿದ್ದರೆ ಇಂಜಿನ್ನು ಉಸಿರುಕಟ್ಟಿ ಬಂದಾಗಬೇಕಂತೆ. ನಮ್ಮದು ಆರಾಮವಾಗಿ ಗುಡುಗುಡು ಎನ್ನುತ್ತಲೇ ಇತ್ತು.

“ಸಾಯಬೇಕಿತ್ತು. ಸಾಯ್ಲಿಲ್ಲ” ಎಂದು ಮಿಸ್ತ್ರಿ ತಲೆ ಅಲ್ಲಾಡಿಸಿದ. ರೋಗಿ ಸಾಯಲಿಲ್ಲವೆಂದು ಬೇಜಾರಾದ ವೈದ್ಯನನ್ನು ನಾನು ಆವರೆಗೆ ಕಂಡಿರಲಿಲ್ಲ. “ಏನಾಗ್ಯಾದ ಮಿಸ್ತ್ರಿ?” ಎಂದೆ. “ಇಂಜಿನ್ ಛಲೋ ಅದ, ಗಾಲಿ ಛಲೋ ಅವ. ನಡುವ ಹಿಡಿತ ಇಲ್ರಿ” ಎಂದ. ನನ್ನ ಮನೆಯ ಸಂಗತಿಯನ್ನು ಯಾರೋ ಇವನ ಕಿವಿಗೆ ಹಾಕಿದ್ದಾರೆ ಎಂದು ಒಂದು ಗಳಿಗೆ ಗಾಬರಿಯಾಯಿತು.

ಮಧ್ಯಾಹ್ನದ ತನಕ ನಟ್ಟು ಬಿಚ್ಚಿ, ಹಿಂದಿನ ದಂಡ ಕಳಚಿ, ಒಳಗಿನ ಬಟ್ಟಲನ್ನು ಹೊರಗೆ ಎಳೆದು ಗೋಣಿಯ ಮೇಲೆ ಇಟ್ಟ. ತೊಗಲು ಕರಿಯ ಹಲ್ವಾದಂತಾಗಿತ್ತು. ಎಣ್ಣೆ ತೊಟ್ಟಿಕ್ಕುತ್ತಿತ್ತು. ಮಿಸ್ತ್ರಿ ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದ. ಮತ್ತೊಮ್ಮೆ ಮೂಸಿದ. ನಂತರ ನನ್ನ ಕಡೆ ತಿರುಗಿ ಬಹಳ ಸಂಭಾವಿತ ದನಿಯಲ್ಲಿ, “ಔಡಲೆಣ್ಣಿ! ಇದಕ್ಕ ಬಾಣಂತನ ಮಾಡೀರೇನ್ರಿ?” ಎಂದು ಕೇಳಿದ.

ಒಪ್ಪಿಕೊಂಡೆ. ಶನಿವಾರಗಳ ಲೆಕ್ಕವನ್ನೂ ಹೇಳಿದೆ. ಅವನು ನಗಲಿಲ್ಲ. “ಗಿರಣ್ಯಾಗೂ ತೊಗಲಿನ ಪಟ್ಟಾ ಇರ್ತಾವ್ರಿ. ಒಣಗಿದ್ರ ಒಂದು ಹನಿ ಎಣ್ಣಿ ಬೇಕು, ಖರೇ. ಹೆಚ್ಚಾತಂದ್ರ ಜಾರತಾವ. ಮೊದಲನೇ ಸಲ ಹಾಕಿದ್ದು ದವಾ. ಆಮ್ಯಾಲ ಹಾಕಿದ್ದು...” ಎಂದು ಕೈ ಒರೆಸಿಕೊಂಡ. ಆ ತೊಗಲು ಇನ್ನು ಕೆಲಸಕ್ಕಿಲ್ಲ, ಹೊಸದು ಬೇಕು ಎಂದು ಹೇಳಿದ.

ಹೊಸ ತೊಗಲಿಗೆ ತೊಗಲು ಹೊಲಿಯುವ ದುರ್ಗಪ್ಪನೇ ಗತಿ. ಶಹಾಪುರದ ಸುತ್ತಿನ ಅರ್ಧ ಬಾವಿಗಳ ಕಪಿಲೆಯ ತೊಗಲು ಅವನ ಕೈಯಿಂದ ಹೊಲಿಸಿಕೊಂಡದ್ದು. ಅವನು ಬಂದು, ಬಟ್ಟಲಿನ ಸುತ್ತಳತೆಯನ್ನು ದಾರದಲ್ಲಿ ಹಿಡಿದು, ಕಪಿಲೆಗೆ ಇಟ್ಟಿದ್ದ ದಪ್ಪ ತೊಗಲಿನಲ್ಲೇ ಪಟ್ಟಿ ಕತ್ತರಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಎಣ್ಣೆ ಹಚ್ಚಕೂಡದು ಎಂದು ಮಿಸ್ತ್ರಿ ಹೇಳಿದ್ದೇ ತಡ, ದುರ್ಗಪ್ಪ ಕತ್ತಿ ಕೆಳಗಿಟ್ಟ.

“ಎಣ್ಣಿ ಕಾಣದ್ದು ತೊಗಲ ಅಲ್ರಿ, ಹಪ್ಪಳ. ನಾಳಿ ಹರದ್ರ ಮಂದಿ ಯಾರ ಹೆಸರು ಹೇಳ್ತಾರ? ದುರ್ಗಪ್ಪನ ಹೆಸರು ಹೇಳ್ತಾರ.”

“ಇದು ಬಾವ್ಯಾಗ ಇಳಿಯೂದಿಲ್ಲೋ ದುರ್ಗಪ್ಪ. ಇದಕ್ಕ ಜಾರೂದು ಬ್ಯಾಡ, ಹಿಡಿಯೂದು ಬೇಕು” ಎಂದ ಮಿಸ್ತ್ರಿ.

“ಹಿಡಿಯೂದು ಗಟ್ಟಿ ಆದ್ರ ಹರೀತದ. ಮೆತ್ತಗಿದ್ರ ಬಾಳ್ತದ. ನನಗ ಹೇಳಿಕೊಡ್ತಿ ಏನು?”

ಇಬ್ಬರೂ ನನ್ನ ಕಡೆ ನೋಡಿದರು. ಇಪ್ಪತ್ತು ವರ್ಷ ವಕೀಲಿ ಮಾಡಿದವನು ನಾನು, ಎರಡೂ ಕಡೆ ನ್ಯಾಯವಿದ್ದ ಕೇಸು ಮಾತ್ರ ನನ್ನ ಮುಂದೆ ಬಂದಿರಲಿಲ್ಲ. ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಚಹಾ ಮುಗಿಯುವಷ್ಟರಲ್ಲಿ ಅವರೇ ದಾರಿ ಕಂಡುಕೊಂಡಿದ್ದರು. ದುರ್ಗಪ್ಪ ತನ್ನ ಕೈಗೆ ಎಣ್ಣೆ ಹಚ್ಚಿಕೊಳ್ಳುವುದು, ಧೋತರಕ್ಕೆ ಚೆನ್ನಾಗಿ ಒರೆಸಿಕೊಳ್ಳುವುದು, ಆ ಒರೆಸಿದ ಕೈಯಿಂದ ತೊಗಲನ್ನು ಒಂದೇ ಸಲ ಸವರುವುದು. ಒಬ್ಬನ ಲೆಕ್ಕದಲ್ಲಿ ಎಣ್ಣೆ ಹಚ್ಚಿದಂತಾಯಿತು, ಇನ್ನೊಬ್ಬನ ಲೆಕ್ಕದಲ್ಲಿ ಹಚ್ಚದಂತಾಯಿತು. ಪಟ್ಟಿಯನ್ನು ನೀರಲ್ಲಿ ನೆನೆಹಾಕಿ, ಎಳೆದು ಬಟ್ಟಲಿಗೆ ತೊಡಿಸಿ, ಹದಿನೆಂಟು ತಾಮ್ರದ ಮೊಳೆ ಬಡಿದು, ಮೊಳೆಯ ತಲೆ ತೊಗಲಿನೊಳಗೆ ಹುದುಗುವಂತೆ ಕೂಡಿಸಿ, ಒಣಗಲು ನೆರಳಲ್ಲಿಟ್ಟರು. ಒಣಗಿದಂತೆ ಅದು ಬಿಗಿದುಕೊಳ್ಳುತ್ತದೆ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು.

ಶನಿವಾರ ಬಂದು ಜೋಡಿಸುವ ಮುಂಚೆ ಮಿಸ್ತ್ರಿ, “ಮುಲ್ತಾನಿ ಮಿಟ್ಟಿ ಅದ ಏನ್ರಿ? ಚೂರು ಉದುರಿಸಿದ್ರ ಹಳೇ ಜಿಡ್ಡೆಲ್ಲ ಎಳಕೊಳ್ತದ” ಎಂದು ಕೇಳಿದ. ನೀಲಮ್ಮ ತಲೆಗೆ ಹಚ್ಚಿಕೊಳ್ಳಲು ಅದನ್ನು ತನ್ನ ಮರದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದಳು. ಐದು ತಿಂಗಳಿಂದ ನಾನು ಮುಟ್ಟದ ಪೆಟ್ಟಿಗೆ ಅದು. ತೆರೆದೆ. ಸೀಗೆಕಾಯಿ, ಕರ್ಪೂರ, ಹಳೆಯ ಕುಂಕುಮ ಮೂರೂ ಕೂಡಿದ ವಾಸನೆ ಮುಖಕ್ಕೆ ಬಂತು. ಮಣ್ಣಿನ ಹೆಂಟೆ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ಅಳು ಬಂತು, ಅತ್ತೆ. “ಮಿಟ್ಟಿ ಸಿಕ್ಕಿತೇನ್ರಿ ವಕೀಲ್ ಸಾಬ್?” ಎಂದು ಅಂಗಳದಿಂದ ಮಿಸ್ತ್ರಿ ಎರಡು ಸಲ ಕೂಗಿದ ಮೇಲೆ ಮುಖ ಒರೆಸಿಕೊಂಡು ಹೊರಗೆ ಬಂದೆ. ಅವನು ನನ್ನ ಕಣ್ಣು ನೋಡಿ, ಮಣ್ಣು ತೆಗೆದುಕೊಂಡು ಕೆಲಸಕ್ಕೆ ಹತ್ತಿದ. ಸಂಜೆಗೆ ಮೋಟಾರು ಸುರಪುರದ ಏರನ್ನು ಗೊಣಗದೆ ಹತ್ತಿ ಬಂತು. ಇಬ್ಬರೂ ಹೊರಟುಹೋದರು. ಎರಡು ದಿನ ಜಗಳ, ಸುತ್ತಿಗೆ, ಚಹಾ ಲೋಟಗಳ ಸದ್ದಿನಿಂದ ತುಂಬಿದ್ದ ಅಂಗಳ ಖಾಲಿಯಾಯಿತು. ಕ್ಲಚ್ಚು ಇನ್ನೆರಡು ದಿನ ಕೆಟ್ಟಿರಬಾರದಿತ್ತೇ ಎಂದು ಒಂದು ನಿಮಿಷ ಅನಿಸಿದ್ದು ಸುಳ್ಳಲ್ಲ.

ಹುಣ್ಣಿಮೆಯಾದ ನಾಲ್ಕನೆಯ ದಿನ ಯಾದಗಿರಿಗೆ ಹೊರಟಾಗ ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತು ಜೋಡಿಸಿಕೊಂಡೆ. ಮೊದಲು ಉರ್ದುವಿನಲ್ಲಿ ಜೋಡಿಸಿದೆ. ಅದು ಅರ್ಜಿಯಂತೆ ಕೇಳಿಸಿತು. ಕನ್ನಡದಲ್ಲಿ, “ನಾ ನಗಬಾರದಿತ್ತು ನೀಲಾ” ಎಂಬುದಕ್ಕಿಂತ ಉದ್ದ ಏನೂ ಹೊಳೆಯಲಿಲ್ಲ. ಗಾಡಿ ಬಂತು. ಅವಳು ಇಳಿದಳು. ಸ್ವಲ್ಪ ಸೊರಗಿದ್ದಳು, ಅಥವಾ ನಾನೇ ಮರೆತಿದ್ದೆನೋ ಏನೋ. ಮೋಟಾರನ್ನು ನೋಡಿದಳು, ನನ್ನನ್ನು ನೋಡಿದಳು, ಹತ್ತಿ ಕೂತು ಎರಡೂ ಕೈಯಿಂದ ಬಾಗಿಲು ಹಿಡಿದುಕೊಂಡಳು.

ಊರು ದಾಟಿದರೆ ಭೀಮಾ ಹೊಳೆ. ಬೇಸಿಗೆಗೆ ನೀರು ಇಳಿದು, ಗಾಡಿಗಳೆಲ್ಲ ಪಾತ್ರದ ಉಸುಕಿನಲ್ಲೇ ದಾಟುತ್ತಿದ್ದವು. ದಂಡೆಯ ಅಂಬಿಗರು ಉಸುಕಿನ ಮೇಲೆ ಜೋಳದ ಒಣ ದಂಟಿನ ಕಣಕಿ ಹಾಸಿ, ಹೂತ ಗಾಡಿಗಳನ್ನು ನೂಕಿ ಕೊಡುತ್ತಿದ್ದರು. ಕಣಕಿ ಹಾಸುತ್ತಿದ್ದ ಮುದುಕನೊಬ್ಬ ನೀಲಮ್ಮ ಇಳಿಯಲು ಕಾಲು ಹೊರಗಿಟ್ಟದ್ದು ನೋಡಿ, “ಕುಂಡ್ರು ಎವ್ವಾ, ಇಳೀಬ್ಯಾಡ. ನಿಂತ್ರ ನಾವದೀವಲ್ಲ” ಎಂದ. ನಿಂತರೆ ಅವರಿದ್ದಾರೆ, ಆದರೆ ನನಗೆ ಯಾರಿದ್ದಾರೆ? ಸ್ಟೇರಿಂಗು ಹಿಡಿದು ಕ್ಲಚ್ಚು ಬಿಟ್ಟೆ. ತೊಗಲು ಹಿಡಿಯಿತು.

ಜಿಗಿಯಲಿಲ್ಲ, ಜಾರಲಿಲ್ಲ, ಕಣಕಿ ಚರಚರ ಎಂದಿತು, ಗಾಡಿ ಒಂದೇ ಉಸಿರಿಗೆ ಆಚೆಯ ದಂಡೆ ಹತ್ತಿತು. ನೀಲಮ್ಮ ಬಾಗಿಲು ಹಿಡಿದಿದ್ದ ಕೈ ಬಿಟ್ಟಳು. “ಇದು ಅದೇ ಮೋಟಾರ್ ಏನ್ರಿ?” ಎಂದಳು.

ಕ್ಷಮೆ ಕೇಳಲು ಅದೇ ಹೊತ್ತು ಎಂದು ನನಗೂ ಗೊತ್ತಿತ್ತು. ಬಾಯಿ ತೆರೆದೆ. ಬಾಯಿಂದ ಬಂದದ್ದು ತೊಗಲಿನ ವಿಷಯ. ಒಣಗಿದ ತೊಗಲು ಯಾಕೆ ಕಚ್ಚುತ್ತದೆ, ನೆನೆದ ತೊಗಲು ಯಾಕೆ ಜಾರುತ್ತದೆ, ಮಿಸ್ತ್ರಿ ಹೇಗೆ ಪರೀಕ್ಷೆ ಮಾಡಿದ, ದುರ್ಗಪ್ಪ ಏನು ತಕರಾರು ತೆಗೆದ, ಹದಿನೆಂಟು ಮೊಳೆ ಎಲ್ಲೆಲ್ಲಿ ಬಿದ್ದವು, ಎಲ್ಲ ಹೇಳಿದೆ. ಶಹಾಪುರದ ಗುಡ್ಡ ಕಾಣುವ ತನಕ ಹೇಳಿದೆ. ಅವಳು ಹೂಂ ಎನ್ನುತ್ತ ಕೇಳಿಸಿಕೊಂಡಳು. ಮನೆ ಬಂತು. ಟ್ರಂಕು ಇಳಿಸಿದೆ. ಅವಳು ಹೊಸ್ತಿಲ ಬಳಿ ನಿಂತಳು.

“ತೊಗಲಿಗೆ ಏನಾಗಿತ್ತಂತ ತಿಳೀತ್ರಿ. ನನಗ ಏನಾಗಿತ್ತಂತ ಯಾವಾಗ ಕೇಳ್ತೀರಿ?”

“ನಾ ನಗಬಾರದಿತ್ತು ನೀಲಾ” ಎಂದೆ. ದಾರಿಯುದ್ದಕ್ಕೂ ಕಾದಿಟ್ಟ ಮಾತು, ಕೊನೆಗೂ ಹೊರಬಂತಲ್ಲ ಎಂದು ಹಗುರಾಯಿತು.

“ನಕ್ಕಿದ್ದಕ್ಕ ಹೋದೆ ಅಂತ ತಿಳದೀರೇನು?” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನಾ ಬಿದ್ದಾಗ ನೀವು ಇಳದು ಮೊದಲ ಎಲ್ಲಿಗೆ ಓಡಿದ್ರಿ?”

ನೆನಪಿಸಿಕೊಳ್ಳಲು ನೋಡಿದೆ. ನಿಜವಾಗಿಯೂ ನೆನಪಾಗಲಿಲ್ಲ.

“ಮೋಟಾರಿನ ಮುಂದಿನ ದೀಪದ ಕಡಿಗಿ. ಬಂಡಿಗೆ ತಾಗಿ ಒಡದದ ಏನಂತ ಕೈಲೆ ಸವರಿ ಸವರಿ ನೋಡಿದ್ರಿ. ನನ್ನ ಮೊಣಕೈಯಾಗ ರಗತ ಬರಾಕತ್ತಿತ್ತು. ದೀಪ ನೋಡಿದ ಮ್ಯಾಲ ನನ್ನ ಕಡಿಗಿ ತಿರುಗಿ ನಕ್ಕಿರಿ. ಮೊದಲ ನನ್ನ ನೋಡಿ ನಕ್ಕಿದ್ರ ನಾನೂ ನಗ್ತಿದ್ನಿರಿ. ಮಸರಿನ ಮಾರಿ ಕಂಡು ನಗೂದಿಲ್ಲೇನು ಯಾರರ?”

ಕಚೇರಿಯಲ್ಲಿ ಉತ್ತರ ಸಿಗದಾಗ ವಕೀಲರು ಮುಂದಿನ ತಾರೀಖು ಕೇಳುತ್ತಾರೆ. ನನ್ನ ಮನೆಯ ಹೊಸ್ತಿಲಲ್ಲಿ ತಾರೀಖು ಕೊಡುವವರು ಯಾರೂ ಇರಲಿಲ್ಲ. ನಾನು ಟ್ರಂಕಿನ ಮೇಲೆ ಕೂತೆ. ಅವಳು ಒಳಗೆ ಹೋಗಿ, ನಾನು ಬಡಿದಿಟ್ಟಿದ್ದ ರೊಟ್ಟಿಯನ್ನು ಎತ್ತಿ ನೋಡಿ, ಅದನ್ನು ದನಕ್ಕೆ ಹಾಕಿ ಒಲೆ ಹೊತ್ತಿಸಿದಳು. ವಾಪಸು ಹೋಗಲಿಲ್ಲ. ಅಂದಿನಿಂದ ಇಂದಿನವರೆಗೆ ಹೋಗಿಲ್ಲ. ನಿಜಾಮರು ಹೋದರು, ಮೋಟಾರು ಹೋಯಿತು, ಮಿಸ್ತ್ರಿ, ದುರ್ಗಪ್ಪ ಇಬ್ಬರೂ ಹೋದರು.

ಮೊನ್ನೆ ಇದನ್ನೆಲ್ಲ ಬರೆದು ಅವಳ ಮುಂದೆ ಓದಿದೆ. ಇದೇ ನನ್ನ ತಪ್ಪೊಪ್ಪಿಗೆ, ತಡವಾದರೂ ಸಲ್ಲಿಸಿಬಿಟ್ಟೆ ಎಂಬ ಸಮಾಧಾನ ನನ್ನದು. ಅವಳು ಪೂರ್ತಿ ಕೇಳಿದಳು, ಕಣ್ಣಿನ ಚಾಳೀಸು ತೆಗೆದು ಗಾಜನ್ನು ಸೆರಗಿನಲ್ಲಿ ಒರೆಸಿಕೊಂಡಳು. “ಮೋಟಾರಿಂದು ಭಾಳ ಛಲೋ ಬರದೀರಿ” ಎಂದು ಎದ್ದು ಒಳಗೆ ಹೋದಳು. ಕಾಗದಗಳನ್ನು ಮತ್ತೊಮ್ಮೆ ತಿರುವಿದೆ. ತೊಗಲು ಎಲ್ಲಿಂದ ಬಂತು, ಮೊಳೆ ಎಷ್ಟು ಬಿದ್ದವು, ಎಣ್ಣೆ ಎಷ್ಟು ಬಟ್ಟಲು ಹೋಯಿತು ಎಲ್ಲ ಬರೆದಿದ್ದೇನೆ. ಅವಳ ಯಾವ ಮೊಣಕೈಗೆ ಪೆಟ್ಟಾಗಿತ್ತು ಎಂಬುದು ಎಲ್ಲಿಯೂ ಇಲ್ಲ. ಬರೆಯಲು ಮರೆತದ್ದಲ್ಲ, ನನಗೆ ಇವತ್ತಿಗೂ ಗೊತ್ತಿಲ್ಲ.